ಮೂರು ಹಿಡಿ, ಎರಡು ಡಬ್ಬಿ

ಮೊದಲು ಸ್ಸ್ಸ್ ಎಂಬ ಒಣ ಸದ್ದು. ಆಮೇಲೆ ಕಫ ಕಟ್ಟಿದವರು ಕೆಮ್ಮಿದ ಹಾಗೆ ಭಳಭಳ ಎಂಬ ಒದ್ದೆ ಸದ್ದು. ಬಳಿಕ ಎರಡೂ ನಿಂತು, ಒಂದು ಕ್ಷಣ ಏನೂ ಇಲ್ಲ. ಆ ಏನೂ ಇಲ್ಲದ್ದರ ಕೊನೆಗೆ ಗುಳುಕ್ ಎಂದು ನೀರು ಗಾಜಿನೊಳಗೆ ಏರಿ ಬರುತ್ತದೆ. ಬೆಳಗಿನ ಆರು ಗಂಟೆಗೆ, ಆಸ್ಪತ್ರೆಯ ಹಿಂಬದಿಯ ಬಾಯ್ಲರ್ ಕೋಣೆಯಲ್ಲಿ, ಹಬೆಯಕ್ಕ ಹಿಡಿದಿಟ್ಟ ಉಸಿರನ್ನು ಬಿಡುವುದು ಆ ಗುಳುಕ್ ಕೇಳಿಸಿದ ಮೇಲೆಯೇ.

ಗಾಜೆಂದರೆ ಮೊಳಕ್ಕೂ ಕಡಿಮೆ ಉದ್ದದ ಒಂದು ನಳಿಗೆ. ಬಾಯ್ಲರಿನ ಹೊಟ್ಟೆಯಲ್ಲಿ ನೀರು ಎಷ್ಟಿದೆಯೆಂದು ಹೊರಗಿನವರಿಗೆ ತೋರಿಸುವ ಕಿಟಕಿ ಅದೊಂದೇ. ಪಕ್ಕದಲ್ಲಿದ್ದ ಎರಡನೇ ಗಾಜು ಒಡೆದು ಮೂರು ತಿಂಗಳಾಗಿತ್ತು. ಹೊಸದು ಕೊಡಿ ಎಂದು ಬರೆದ ಕಾಗದ ಕಚೇರಿಯ ಯಾವುದೋ ಫೈಲಿನೊಳಗೆ ಸುಖವಾಗಿ ಮಲಗಿತ್ತು. ಇರುವ ಗಾಜಿಗೆ ಕಾಕ್ ಎಂಬ ಮೂರು ನಲ್ಲಿಗಳು, ಒಂದೊಂದಕ್ಕೂ ಬೆರಳುದ್ದದ ಒಂದು ಹಿಡಿ. ಮೇಲಿನದು ಹಬೆಯ ದಾರಿ, ನಡುವಿನದು ನೀರಿನ ದಾರಿ, ಕೆಳಗಿನದು ಗಾಜನ್ನು ತೊಳೆದು ಹೊರಗೆ ಚೆಲ್ಲುವ ದಾರಿ. ದಿನಕ್ಕೆ ನಾಲ್ಕು ಸಲ ಇವನ್ನು ಒಂದಾದ ಮೇಲೊಂದು ತಿರುವಿ, ಗಾಜು ಸುಳ್ಳು ಹೇಳುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಒಳಗೆ ನೀರಿಲ್ಲದೆ ಹೊರಗೆ ಇದೆಯೆಂದು ತೋರಿಸಿತೋ, ಮುಂದಿನದನ್ನು ಹೇಳಲು ಕೋಣೆಯಲ್ಲಿ ಯಾರೂ ಉಳಿಯುವುದಿಲ್ಲ.

ಹಬೆಯಕ್ಕ ಎಂಬುದು ಲಾಂಡ್ರಿಯ ಹೆಂಗಸರು ಇಟ್ಟ ಹೆಸರು. ಗೋಡೆಯಾಚೆ ಹದಿನಾಲ್ಕು ಮಂದಿ ಇಡೀ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದು, ಒಣಗಿಸಿ, ಇಸ್ತ್ರಿ ಮಾಡುತ್ತಾರೆ. ಅವರ ಯಂತ್ರಗಳ ಬಿಸಿಯೆಲ್ಲ ಇವಳು ಕಳಿಸುವ ಹಬೆ. ಹದಿನಾರು ವರ್ಷದ ಕೆಳಗೆ ಅವಳೂ ಅಲ್ಲೇ ಚಾದರ ಮಡಿಸುತ್ತಿದ್ದಳು. ಬಾಯ್ಲರ್ ಮೇಸ್ತ್ರಿಯ ಸಹಾಯಕ ಹೇಳದೆ ಕೇಳದೆ ಕೆಲಸ ಬಿಟ್ಟು ಹೋದಾಗ, ‘ಎರಡು ದಿನಕ್ಕೆ ಇವಳನ್ನ ಕಳಿಸಿ’ ಎಂದು ಕರೆಸಿಕೊಂಡ ಮೇಸ್ತ್ರಿ ಆ ಎರಡು ದಿನವನ್ನು ಇನ್ನೂ ಮುಗಿಸಿರಲಿಲ್ಲ.

ಈಗ ಮುಗಿಯುವ ಕಾಲ ಬಂದಿತ್ತು. ತಿಂಗಳ ಕೊನೆಗೆ ಮೇಸ್ತ್ರಿಗೆ ನಿವೃತ್ತಿ. ಇಷ್ಟು ವರ್ಷ ಅವರ ಸರ್ಟಿಫಿಕೇಟಿನ ನೆರಳಿನಲ್ಲಿ ಅವಳು ಬಾಯ್ಲರ್ ನಡೆಸಿದ್ದಳು. ನೆರಳು ಸರಿದ ಮೇಲೆ ಅವಳದೇ ಸರ್ಟಿಫಿಕೇಟ್ ಬೇಕು. ಇಲ್ಲವಾದರೆ ಮಡಿಸುವ ಮೇಜಿಗೆ ವಾಪಸ್. ಪರೀಕ್ಷೆಗೆ ಮೂರೇ ಅವಕಾಶ. ಎರಡು ಹೋಗಿದ್ದವು. ಮೂರನೆಯದಕ್ಕೆ ಹದಿನೆಂಟು ದಿನ ಉಳಿದಿತ್ತು.

“ಓದ್ತಾ ಇದೀಯೇನಮ್ಮ?” ಎಂದರು ಮೇಸ್ತ್ರಿ, ಚಹಾದ ಲೋಟವನ್ನು ಪಂಪಿನ ಮೇಲಿಡುತ್ತ.

“ಓದ್ತಾ ಇದೀನಿ ಮೇಸ್ತ್ರಿ.”

“ಹೋದ ಸಲಾನೂ ಓದಿದ್ದೆ.”

“ಹೋದ ಸಲ ನೀವಿದೀರ ಅಂತ ಧೈರ್ಯ ಇತ್ತು. ಈ ಸಲ ಭಯ ಆಗ್ತಿದೆ.”

“ಒಳ್ಳೇದಾಯ್ತು ಬಿಡು. ಈ ಕೆಲಸಕ್ಕೆ ಧೈರ್ಯ ಇರೋವ್ರನ್ನ ನಾನು ಹತ್ರ ಸೇರಿಸಲ್ಲ.”

ಮೊದಲ ಸಲ ಅವಳು ಪುಸ್ತಕವನ್ನು ಉರು ಹೊಡೆದಿದ್ದಳು. ಇನ್ನೂರ ನಲವತ್ತು ಪುಟ, ಅಕ್ಷರ ಬಿಡದೆ. ಬರೆಯುವ ಪರೀಕ್ಷೆ ಸಲೀಸಾಗಿ ದಾಟಿದಳು. ಬಾಯಿ ಪರೀಕ್ಷೆಯಲ್ಲಿ ಪರೀಕ್ಷಕರು ಪಾಠದ ನಡುವಿನಿಂದ ಒಂದು ಕೇಳಿದರು: ಒತ್ತಡಕ್ಕೆ ಹಾರಿ ತೆರೆದ ಸೇಫ್ಟಿ ವಾಲ್ವ್ ಮತ್ತೆ ಕೂತು ಮುಚ್ಚದಿದ್ದರೆ ಏನು ಕಾರಣ? ಅವಳಿಗೆ ಗೊತ್ತಿತ್ತು. ಆದರೆ ಅದು ಏಳನೇ ಸಾಲು. ಏಳಕ್ಕೆ ತಲುಪಬೇಕಾದರೆ ಒಂದರಿಂದ ಹೊರಡಬೇಕು. ಅವಳ ತುಟಿಗಳು ನಾಲ್ಕನೇ ಸಾಲಿನಲ್ಲಿರುವಾಗ ಪರೀಕ್ಷಕರು ಮುಂದಿನವರನ್ನು ಕರೆದುಬಿಟ್ಟಿದ್ದರು.

ಎರಡನೇ ಸಲ ಬಾಯಿ ನಡೆಯಿತು, ಕೈ ಎಡವಿತು. ಬೇರೆ ಯಾವುದೋ ಕಾರ್ಖಾನೆಯ ಬಾಯ್ಲರಿನ ಮುಂದೆ ನಿಲ್ಲಿಸಿ, ಗಾಜು ಪರೀಕ್ಷೆ ಮಾಡಿ ತೋರಿಸಿ ಎಂದರು. ದಿನಕ್ಕೆ ನಾಲ್ಕು ಸಲ ಮಾಡುವ ಕೆಲಸ. ಅವಳ ಕೈ ಎರಡನೇ ಹಿಡಿಯ ಮೇಲೆ ಹೋಗಿ ತಿರುಗಿತೋ ಇಲ್ಲವೋ, “ಸಾಕು, ಕೈ ತೆಗೀರಿ” ಎಂದರು. ಯಾಕೆಂದು ಅವರು ಹೇಳಲಿಲ್ಲ. ಅವಳು ಕೇಳಲಿಲ್ಲ. ಗಾಬರಿಯಾಗಿರಬೇಕು ಎಂದು ಎಲ್ಲರೂ ಅಂದರು. ಅವಳೂ ಅದನ್ನೇ ನಂಬಿದಳು.

ಮನೆಯಲ್ಲಿ ಇರುವುದು ಅವಳೂ ಅತ್ತೆಯೂ. ಗಂಡ ದೂರದ ದಾರಿಯ ಲಾರಿ ಓಡಿಸುವವನು. ವಾರಕ್ಕೊಮ್ಮೆ ಬಂದು, ನಿದ್ದೆ ಮಾಡಿ, ಎದ್ದು ಹೋಗುತ್ತಾನೆ. ಅತ್ತೆಗೆ ಓದು ಬರುವುದಿಲ್ಲ. ಓದು ಬರುವವರನ್ನೆಲ್ಲ ಸೇರಿಸಿ ಕೂರಿಸಿದರೂ ಸರಿಗಟ್ಟಲಾಗದಷ್ಟು ಮಾತು ಬರುತ್ತದೆ.

“ಮುಚ್ಚೇ ಆ ಪುಸ್ತಕಾನ,” ಎಂದರು ಅವರು ಆ ಸಂಜೆ, ಅಡುಗೆಮನೆಯ ನೆಲದ ಮೇಲೆ ಕೂತು ಬಟಾಣಿ ಬಿಡಿಸುತ್ತ. “ಎರಡು ಸಲ ನಿನ್ನ ನಡುನೀರಲ್ಲಿ ಬಿಟ್ಟು ಬಂದಿದೆ. ಇನ್ನೂ ಅದರ ಮೇಲೆ ಎಂಥ ಮೋಹ!”

“ಪುಸ್ತಕ ಮುಚ್ಚಿ ಹೇಗೆ ಓದೋದು ಅತ್ತೆ?”

“ನಾನು ಕೇಳ್ತೀನಿ, ನೀನು ಹೇಳು.”

ಹಬೆಯಕ್ಕನಿಗೆ ನಗು ಬಂತು. “ಏನು ಕೇಳ್ತೀರಿ? ನಾನು ಹೇಳಿದ್ದು ಸರೀನೋ ತಪ್ಪೋ ನಿಮಗೆ ಹೇಗೆ ಗೊತ್ತಾಗುತ್ತೆ?”

“ಸರಿ ತಪ್ಪು ನಂಗೆ ಗೊತ್ತಾಗಲ್ಲ. ನಿಂಗೆ ಗೊತ್ತಿದೆಯೋ ಇಲ್ವೋ ಅನ್ನೋದು ಗೊತ್ತಾಗುತ್ತೆ. ನೀನು ಈ ಮನೆಗೆ ಬಂದಾಗಿನಿಂದ ನಿನ್ನ ಮುಖ ನೋಡ್ತಿದೀನಿ ಕಣೇ. ಪುಸ್ತಕದಲ್ಲಿರೋದನ್ನ ಒಪ್ಪಿಸುವಾಗ ನಿನ್ನ ಕಣ್ಣು ಸೂರಿಗೆ ಹೋಗುತ್ತೆ. ಅಲ್ಲೇನು ಪುಟ ಅಂಟಿಸಿದಾರಾ? ನಿಜವಾಗಿ ಗೊತ್ತಿರೋದನ್ನ ಹೇಳುವಾಗ ಕೈ ನೋಡ್ಕೋತೀಯ.”

ಹೀಗೆ ಶುರುವಾಯಿತು. ಬಟ್ಟೆಗಂಟಿಗೆ ಕಟ್ಟಿ ಬಿಸಾಡಿದ ರಟ್ಟಿನ ಚೀಟಿಗಳನ್ನು ಲಾಂಡ್ರಿಯಿಂದ ಹೊತ್ತು ತಂದು, ಒಂದೊಂದರ ಬೆನ್ನಿಗೂ ಒಂದು ಪ್ರಶ್ನೆ ಬರೆದಳು. ಇನ್ನೂರ ಹನ್ನೆರಡಾದವು. ಎಲ್ಲ ಒಂದು ದೊಡ್ಡ ಬಿಸ್ಕತ್ತಿನ ಡಬ್ಬಿಗೆ. ಅತ್ತೆ ಕಣ್ಣುಮುಚ್ಚಿ ಕೈಹಾಕಿ, ಯಾವುದು ಸಿಕ್ಕಿತೋ ಅದನ್ನು ಸೊಸೆಯ ಮುಖದೆದುರು ಹಿಡಿಯುವರು. ಇವಳು ಓದಿ, ಉತ್ತರ ಹೇಳಬೇಕು. ಕಣ್ಣು ಮೇಲಕ್ಕೆ ಹೋಯಿತೋ, “ಸೂರು!” ಎಂದು ಅತ್ತೆ ಚೀಟಿಯನ್ನು ದೊಡ್ಡ ಡಬ್ಬಿಗೇ ವಾಪಸು ಹಾಕುವರು, ಅದು ನಾಳೆ ಮತ್ತೆ ಬರುತ್ತದೆ. ಕಣ್ಣು ಕೈಮೇಲೆ ನಿಂತರೆ ಚೀಟಿ ಗುಂಡಿ ಇಡುವ ಸಣ್ಣ ಡಬ್ಬಿಗೆ. ನಾಲ್ಕು ದಿನ ಬಿಟ್ಟು, ಮರೆತಿಲ್ಲ ತಾನೇ ಎಂದು ಅದನ್ನೂ ಕೇಳುವರು. ಇಷ್ಟಕ್ಕೇ ಬಿಡುವ ಹೆಂಗಸಲ್ಲ. ಪ್ರತಿ ಉತ್ತರಕ್ಕೂ ಒಂದು ‘ಯಾಕೆ’. ಯಾಕೆ ಎಂಬುದಕ್ಕೆ ತನಗೆ ಅರ್ಥವಾಗುವ ಹಾಗೆ ಹೇಳದಿದ್ದರೆ ಅದೂ ಸೂರೇ.

ಮೊದಲ ಮೂರು ದಿನ ಸಣ್ಣ ಡಬ್ಬಿಯಲ್ಲಿ ಹನ್ನೊಂದು ಚೀಟಿ. ಹಬೆಯಕ್ಕನಿಗೆ ಅಳು ಬರುವುದೊಂದು ಬಾಕಿ. ಅತ್ತೆ ಡಬ್ಬಿಯನ್ನು ಕಿವಿಯ ಹತ್ತಿರ ಅಲುಗಿಸಿ, “ಪಾಪ, ಒಂಟಿಯಾಗಿ ಗಲಗಲ ಅಂತಿವೆ. ಜೊತೆಗೆ ನಾಲ್ಕು ಜನ ಕಳಿಸೇ,” ಎಂದರು.

ಏಳನೇ ಸಂಜೆ ಗಾಜಿನ ಚೀಟಿ ಬಂತು.

“ಬಾಯ್ಲರ್ ನಡೀತಿರುವಾಗ ಗಾಜಿನ ಮೂರೂ ಹಿಡಿ ಕೆಳಮುಖವಾಗಿರಬೇಕು.”

“ಸೂರು. ಯಾಕೆ ಕೆಳಗೇ ಇರಬೇಕು? ಅಡ್ಡ ಇದ್ರೆ ಏನು ರೋಗ?”

“ಬಾಯ್ಲರ್ ಯಾವಾಗ್ಲೂ ನಡುಗ್ತಾ ಇರುತ್ತಲ್ಲ ಅತ್ತೆ. ನಡುಗಿ ನಡುಗಿ ಕಾಕ್ ಸಡಿಲ ಆದ್ರೆ ಹಿಡಿ ತನ್ನ ಭಾರಕ್ಕೆ ತಾನೇ ಕೆಳಗೆ ಬೀಳುತ್ತೆ. ಬಿದ್ರೂ ಹಬೆ, ನೀರಿನ ದಾರಿ ಮುಚ್ಚಬಾರದು ಅಂತ, ಮೊದ್ಲೇ ಕೆಳಗಿದ್ರೆ ತೆರೆದಿರೋ ಹಾಗೆ…”

ಮಾತು ನಿಂತಿತು. ಹೇಳುತ್ತ ಹೇಳುತ್ತ ಕಣ್ಣು ಸೂರಿನಿಂದ ಇಳಿದು ಕೈಮೇಲೆ ಬಂದಿತ್ತು. ಆ ಕೈ ಅವಳನ್ನು ಕೇಳದೆ, ಗಾಳಿಯಲ್ಲೇ, ಹದಿನಾರು ವರ್ಷದ ಅಭ್ಯಾಸದಿಂದ, ನೀರಿನ ಕಾಕನ್ನು ತೆರೆದು ತೋರಿಸುತ್ತಿತ್ತು. ಹಿಡಿ ಅಡ್ಡಕ್ಕೆ ನಿಂತಿತ್ತು.

“ಏನೇ, ದೆವ್ವ ಕಂಡ ಹಾಗೆ ಕೂತೆ?”

“ನಮ್ಮದು ಅಡ್ಡ ಇದೆ ಅತ್ತೆ.” ಅವಳ ದನಿ ಅವಳಿಗೇ ದೂರದಿಂದ ಕೇಳಿಸಿದಂತಿತ್ತು. “ನಮ್ಮ ಬಾಯ್ಲರಲ್ಲಿ ನೀರಿನ ಹಿಡಿ ಅಡ್ಡ ಇದ್ರೆ ತೆರೆದಿರೋದು. ಕೆಳಗಿದ್ರೆ ಮುಚ್ಚಿರೋದು. ನಾನು ಬೇರೆ ಯಾವ ಬಾಯ್ಲರ್‌ನೂ ಮುಟ್ಟಿಲ್ಲ. ಹೋದ ಸಲ ನಂಗೆ ಗಾಬರಿ ಆಗಿರ್ಲಿಲ್ಲ ಅತ್ತೆ. ನಮ್ಮಲ್ಲಿ ತಿರುಗಿಸೋ ಹಾಗೇ ತಿರುಗಿಸಿದೆ.”

ಅತ್ತೆ ಬಟಾಣಿಯ ಸಿಪ್ಪೆಯನ್ನು ಬದಿಗೆ ಸರಿಸಿದರು. ಚೀಟಿಯನ್ನು ಯಾವ ಡಬ್ಬಿಗೂ ಹಾಕದೆ ತೊಡೆಯ ಮೇಲಿಟ್ಟುಕೊಂಡರು.

ಮರುದಿನ ಮೇಸ್ತ್ರಿಯನ್ನು ಕೇಳಿದಳು. “ಈ ಹಿಡಿ ಯಾಕೆ ಮೇಸ್ತ್ರಿ ಉಲ್ಟಾ ಇದೆ? ಯಾರು ಹಾಕಿದ್ದು?”

ಮೇಸ್ತ್ರಿ ಗಾಜಿನ ಕಡೆ ನೋಡಲಿಲ್ಲ. “ಅದು ಹಾಗೇ ಇರೋದು.”

“ಪುಸ್ತಕದಲ್ಲಿ…”

“ನೀನು ಬರೋಕೆ ಮುಂಚೆಯಿಂದ ಹಾಗೇ ಇದೆ. ಏನಾದ್ರೂ ಆಗಿದ್ಯಾ? ಕಾಕ್ ಬಿಗಿ ಇದೆ. ತಿಂಗಳ ಕೊನೇವರೆಗೂ ಏನನ್ನೂ ಮುಟ್ಟಬೇಡ ತಾಯಿ. ನಾನು ಹೋದ್ಮೇಲೆ ಬೇಕಾದ್ರೆ ಇಡೀ ಬಾಯ್ಲರ್‌ನೇ ತಲೆಕೆಳಗೆ ಮಾಡ್ಕೋ.”

ಆ ದನಿಯಲ್ಲಿ ಗದರಿಕೆಗಿಂತ ಬೇರೆ ಏನೋ ಇತ್ತು. ಅವಳು ಮತ್ತೆ ಕೇಳಲಿಲ್ಲ. ಚಾದರದ ಮೇಜಿನಿಂದ ಎಬ್ಬಿಸಿ, ಬೆಂಕಿಯ ಬಣ್ಣ ನೋಡುವುದನ್ನೂ ಪಂಪಿನ ದನಿ ಕೇಳುವುದನ್ನೂ ಕಲಿಸಿದ ಮನುಷ್ಯ. ಒಂದೇ ಒಂದು ಕಪ್ಪು ಚುಕ್ಕೆಯಿಲ್ಲದೆ ಮೂವತ್ತೆಂಟು ವರ್ಷ ದುಡಿದು ಹೊರಟಿದ್ದವರನ್ನು ಹೊಸಿಲಲ್ಲಿ ನಿಲ್ಲಿಸಿ ಲೆಕ್ಕ ಕೇಳಲು ಅವಳಿಗೆ ಮನಸ್ಸು ಬರಲಿಲ್ಲ.

ಹಾಗಾಗಿ ಕೈಗೇ ಹೊಸ ಪಾಠ. ಅಡುಗೆಮನೆಯ ಗೋಡೆಗೆ ಮೂರು ಮೊಳೆ ಹೊಡೆದು ಮೂರು ಸೌಟುಗಳನ್ನು ನೇತುಹಾಕಿದಳು. ಹಬೆ, ನೀರು, ಹೊರಗೆ. ಕೆಳಗಿನ ಸೌಟು ಅಡ್ಡ, ನಡುವಿನದು ಅಡ್ಡ, ನಡುವಿನದು ಕೆಳಗೆ, ಮೇಲಿನದು ಅಡ್ಡ. ಪ್ರತಿ ಸುತ್ತಿನ ಕೊನೆಗೆ ಎರಡು ಹೆಜ್ಜೆ ಹಿಂದೆ ಸರಿದು, ಗಟ್ಟಿಯಾಗಿ, “ಮೂರೂ ಕೆಳಗೆ” ಎನ್ನುವಳು. ದಿನಕ್ಕೆ ಐವತ್ತು ಸಲ.

“ಒಂದಾದ್ರೂ ಸೌಟು ಬಿಡೇ,” ಎಂದರು ಅತ್ತೆ. “ಬೊಗಸೆಯಲ್ಲಿ ಬಡಿಸ್ಲಾ?”

ಮನೆಯಲ್ಲಿ ಒಂದು ರೀತಿ, ಕೆಲಸದಲ್ಲಿ ಇನ್ನೊಂದು ರೀತಿ. ಒಂದೇ ಕೈ, ಎರಡು ಬುದ್ಧಿ. ಬೆಳಿಗ್ಗೆ ಬಾಯ್ಲರಿನ ಮುಂದೆ ನಿಂತಾಗ ಒಂದು ಚಣ ತಡೆದು, ‘ಇದು ನಮ್ಮದು, ಇದು ಅಡ್ಡ’ ಎಂದು ಒಳಗೇ ಹೇಳಿಕೊಂಡು ಶುರುಮಾಡುವಳು. ಸಣ್ಣ ಡಬ್ಬಿ ತುಂಬುತ್ತ ಬಂತು. ನೂರಾ ಅರವತ್ತು. ನೂರಾ ಎಂಬತ್ತು. ಅತ್ತೆ ಅದನ್ನು ಅಲುಗಿಸಿದರೆ ಈಗ ಸದ್ದೇ ಇಲ್ಲ.

ಪರೀಕ್ಷೆಗೆ ನಾಲ್ಕು ದಿನವಿದ್ದಾಗ ಆದದ್ದು ಇದು.

ವಾರದ ಅತಿ ಹೆಚ್ಚು ಬಟ್ಟೆ ಬರುವ ದಿನ. ಗೋಡೆಯಾಚೆ ಒಗೆಯುವ ಡ್ರಮ್‌ಗಳೆಲ್ಲ ಒಟ್ಟಿಗೆ ತಿರುಗುತ್ತಿದ್ದವು, ಹಬೆ ಎಷ್ಟು ಕೊಟ್ಟರೂ ಸಾಲದು. ಹನ್ನೊಂದಕ್ಕೆ ಗಾಜು ಪರೀಕ್ಷೆ ಮಾಡಿದಳು. ಸ್ಸ್ಸ್, ಭಳಭಳ, ಮೌನ, ಗುಳುಕ್. ಎಲ್ಲ ಸರಿಯಾಗಿತ್ತು. ನೀರು ಅರ್ಧ ಗಾಜಿಗೆ ಬಂದು ನಿಂತಿತು. ಅವಳು ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಮೂರರಲ್ಲಿ ಒಂದು ಹಿಡಿ ಅಡ್ಡ. ಸೌಟುಗಳ ಮುಂದೆ ಪಳಗಿದ ಕಣ್ಣಿಗೆ ಅದು ಚುಚ್ಚಿತು. ಕೈ ಮುಂದೆ ಹೋಗಿ ಅದನ್ನು ಕೆಳಕ್ಕೆ ತಿರುಗಿಸಿತು. ಮೂರೂ ಕೆಳಗೆ.

ಮೇಸ್ತ್ರಿ ಕಚೇರಿಗೆ ಹೋಗಿದ್ದರು. ಅವಳು ಸ್ಟೂಲಿನ ಮೇಲೆ ಕೂತು, ಸೆರಗಿನ ಗಂಟಿನಿಂದ ಇಪ್ಪತ್ತು ಚೀಟಿ ತೆಗೆದಳು. ದೊಡ್ಡ ಡಬ್ಬಿಯಲ್ಲಿ ಇನ್ನೂ ಉಳಿದಿದ್ದ ಹಠಮಾರಿಗಳು. ನಡುನಡುವೆ ತಲೆಯೆತ್ತಿ ಗಾಜು ನೋಡುವಳು. ಅರ್ಧ ಗಾಜು. ಪಂಪು ಹಾಕುವ ಅಗತ್ಯವಿಲ್ಲ. ಮತ್ತೊಂದು ಚೀಟಿ. ಅರ್ಧಕ್ಕಿಂತ ಒಂದು ಕೂದಲು ಮೇಲೆ. ಚೆನ್ನಾಗಿದೆ. ಮತ್ತೊಂದು ಚೀಟಿ.

ಒಂಬತ್ತನೆಯದು: ‘ಗಾಜಿನಲ್ಲಿರುವ ನೀರು ನಿಜವಾದದ್ದೆಂದು ನೋಡಿದ ಕೂಡಲೇ ಹೇಗೆ ಗುರುತಿಸುವಿರಿ?’

“ನಿಜವಾದ ಮಟ್ಟದ ನೀರು ಎಂದೂ ನಿಶ್ಚಲವಾಗಿರುವುದಿಲ್ಲ, ಸದಾ ಸ್ವಲ್ಪ ಅಲುಗುತ್ತಿರುತ್ತದೆ,” ಎಂದು ಪಿಸುಗುಟ್ಟಿದಳು. ಹೇಳಿ ಮುಗಿದಾಗ ತಾನು ಕೋಣೆಯ ತಗಡಿನ ಮಾಡನ್ನು ನೋಡುತ್ತಿದ್ದೇನೆಂದು ಗೊತ್ತಾಯಿತು. ಸೂರು! ಎಂದು ಅತ್ತೆಯ ದನಿ ಕಿವಿಯಲ್ಲೇ ಗದರಿದಂತಾಗಿ ನಗು ಬಂತು. ಸರಿ, ಮಾಡಿನ ಮೇಲೆ ಯಾಕೆ, ಎದುರಿಗೇ ಇದೆಯಲ್ಲ ಎಂದು ಗಾಜಿನ ಕಡೆ ತಿರುಗಿದಳು.

ನೀರು ಅಲುಗುತ್ತಿರಲಿಲ್ಲ.

ಬಾಯ್ಲರ್ ಇಡೀ ನಡುಗುತ್ತಿತ್ತು. ನೆಲ ನಡುಗುತ್ತಿತ್ತು, ಪಂಪಿನ ಮೇಲಿದ್ದ ಮೇಸ್ತ್ರಿಯ ಖಾಲಿ ಲೋಟ ನಡುಗುತ್ತಿತ್ತು. ಗಾಜಿನೊಳಗಿನ ನೀರು ಮಾತ್ರ ಚಿತ್ರದಲ್ಲಿ ಬರೆದ ಹಾಗೆ ನಿಂತಿತ್ತು.

ಚೀಟಿಗಳು ಮಡಿಲಿನಿಂದ ಚೆಲ್ಲಿದವು. ಅವಳು ಮೊದಲು ಹೋದದ್ದು ಗಾಜಿನ ಹತ್ತಿರಕ್ಕಲ್ಲ, ಬರ್ನರಿನ ಹತ್ತಿರಕ್ಕೆ. ಬೆಂಕಿ ನಿಲ್ಲಿಸಿದಳು. ಉರಿಯ ಗರ್ಜನೆ ಕತ್ತರಿಸಿದಂತೆ ನಿಂತು ಕೋಣೆ ಒಮ್ಮೆಲೇ ದೊಡ್ಡದಾಯಿತು. ಆಮೇಲೆ ಲಾಂಡ್ರಿಗೆ ಹೋಗುವ ಹಬೆಯ ದಾರಿ ಮುಚ್ಚಿದಳು. ಆಮೇಲೆ, ನಡುವಿನ ಹಿಡಿಯನ್ನು ಅಡ್ಡಕ್ಕೆ ತಿರುಗಿಸಿದಳು.

ಅರ್ಧ ಗಾಜಿನ ನೀರು ಕಣ್ಣೆದುರೇ ಜರ್ರನೆ ಇಳಿಯಿತು. ಇಳಿದು, ಬುಡದ ಹಿತ್ತಾಳೆಯ ನಟ್ಟಿನೊಳಗೆ ಹೋಗಿ, ಕಾಣದಾಯಿತು.

ಗೋಡೆಯಾಚೆ ಯಂತ್ರಗಳು ಒಂದೊಂದಾಗಿ ಸೊರಗಿ ನಿಂತವು. ಹೆಂಗಸರ ಕೂಗು. ಲಾಂಡ್ರಿಯ ಮೇಲ್ವಿಚಾರಕಿ ಧಡಾರನೆ ಬಾಗಿಲು ತಳ್ಳಿಕೊಂಡು ಬಂದಳು. “ಏನ್ರೀ ಇದು? ಹನ್ನೆರಡೂವರೆಗೆ ಆಪರೇಷನ್ ಥಿಯೇಟರಿಗೆ ನಲವತ್ತು ಹಸಿರು ಬಟ್ಟೆ ಹೋಗ್ಬೇಕು, ನೀವು ಇಲ್ಲಿ ಆರಾಮಾಗಿ ಎಲ್ಲ ನಿಲ್ಲಿಸ್ಕೊಂಡು…”

ಅವಳ ಹಿಂದೆಯೇ ಮೇಸ್ತ್ರಿ. ಓಡಿ ಬಂದಿದ್ದರು. ಅವರ ಕಣ್ಣು ಮೊದಲು ಹೋದದ್ದು ಗಾಜಿಗೆ. ಖಾಲಿ ಗಾಜು. ಆ ಮುಖ ಸುಣ್ಣ ಬಳಿದಂತಾದದ್ದನ್ನು ಹಬೆಯಕ್ಕ ಕಂಡಳು. ಮರುಕ್ಷಣ ಅವರ ಕೈ ಪಂಪಿನ ಸ್ವಿಚ್ಚಿನ ಕಡೆ ಹೊರಟಿತ್ತು.

ಅವಳು ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಳು.

“ಸರಿಯಮ್ಮ! ನೀರು ಬಿಡ್ಬೇಕು!”

“ಬೇಡ ಮೇಸ್ತ್ರಿ.”

“ನೀರಿಲ್ಲ ಅಂತೀನಿ, ಕಾಣಿಸ್ತಿಲ್ವಾ?”

“ಕಾಣಿಸ್ತಿದೆ. ನೀರು ಎಷ್ಟು ಕೆಳಗೆ ಹೋಗಿದೆ ಅಂತ ನಮಗೆ ಗೊತ್ತಿಲ್ಲ. ಒಣಗಿದ ಕೊಳವೆ ಕಾದು ಕೆಂಪಾಗಿದ್ರೆ, ಅದರ ಮೇಲೆ ತಣ್ಣೀರು ಬಿದ್ರೆ…” ಅವಳು ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದಳು. “ಬೆಂಕಿ ನಿಲ್ಲಿಸಿದೀನಿ. ತಾನಾಗಿ ಆರಬೇಕು. ನೀವೇ ಅಲ್ವಾ ಹೇಳಿಕೊಟ್ಟಿದ್ದು?”

ಮೇಸ್ತ್ರಿಯ ಕೈ ಗಾಳಿಯಲ್ಲೇ ನಿಂತಿತು. ಮೂವತ್ತೆಂಟು ವರ್ಷ ಇತರರಿಗೆ ಹೇಳಿಕೊಟ್ಟಿದ್ದ ಮಾತನ್ನು ಆ ಕೈಯೊಂದು ಕೇಳಿಸಿಕೊಂಡಿರಲಿಲ್ಲ. ನಿಧಾನವಾಗಿ ಕೆಳಗಿಳಿಯಿತು. ಅವರು ಅವಳ ಸ್ಟೂಲಿನ ಮೇಲೆ, ಚೆಲ್ಲಿದ ಚೀಟಿಗಳ ನಡುವೆ ಕುಸಿದು ಕೂತರು.

“ಅಂದ್ರೆ? ನನ್ನ ಬಟ್ಟೆ?” ಎಂದಳು ಮೇಲ್ವಿಚಾರಕಿ, ದನಿ ಅರ್ಧಕ್ಕಿಳಿದಿತ್ತು.

“ಬೇರೆ ಕಡೆಯಿಂದ ತರಿಸಿ ಅಮ್ಮ,” ಎಂದರು ಮೇಸ್ತ್ರಿ. “ಎಲ್ಲರನ್ನೂ ಕರ್ಕೊಂಡು ಅಂಗಳಕ್ಕೆ ಹೋಗಿ. ಓಡಬೇಡಿ. ಹೋಗಿ.”

ಒತ್ತಡದ ಮುಳ್ಳು ಇಳಿಯುವುದನ್ನು ನೋಡುತ್ತ ಇಬ್ಬರೂ ಬಾಗಿಲ ಬಳಿ ನಿಂತರು. ಎರಡೂವರೆ ಗಂಟೆ ಕಾಲ. ಒಳಗೆ ಕಬ್ಬಿಣ ಆರುತ್ತ ಟಿಕ್, ಟಿಕ್ ಎನ್ನುತ್ತಿತ್ತು. ಏನೂ ಆಗಲಿಲ್ಲ.

ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ಮೇಸ್ತ್ರಿ ಲಾಗ್ ಪುಸ್ತಕ ತಂದು ಮೇಜಿನ ಮೇಲಿಟ್ಟರು. ನಡೆದದ್ದನ್ನೆಲ್ಲ ಗಂಟೆ ಸಮೇತ ಬರೆದಿಡುವ ಪುಸ್ತಕ.

“ಪಂಪು ಗಾಳಿ ಹಿಡಿದು ನೀರು ಎತ್ತಲಿಲ್ಲ ಅಂತ ಬರಿ.”

ಅವಳು ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದಳು.

“ನೋಡಮ್ಮ. ಇನ್ನು ನಾಲ್ಕು ದಿನಕ್ಕೆ ನಿನ್ನ ಪರೀಕ್ಷೆ. ಕಾಕ್ ಮುಚ್ಚಿಬಿಟ್ಟೆ ಅಂತ ನಿನ್ನ ಕೈಯಾರೆ ಬರೆದ್ರೆ ಯಾರು ಕೊಡ್ತಾರೆ ಸರ್ಟಿಫಿಕೇಟು? ಪಂಪು ಅಂದ್ರೆ ನಿಂಗೂ ಕ್ಷೇಮ.” ಸ್ವಲ್ಪ ತಡೆದು, “ನಂಗೂ.”

“ನಾಳೆ ನನ್ನ ಜಾಗಕ್ಕೆ ಬರೋವ್ರು ಸರಿಯಾಗಿ ಕಲ್ತವ್ರೇ ಆಗಿರ್ತಾರಲ್ವಾ ಮೇಸ್ತ್ರಿ?” ಎಂದಳು ಅವಳು. “ಮೂರೂ ಕೆಳಗೆ ಮಾಡ್ತಾರೆ. ನಂಗಾದ್ರೆ ಇದು ಅಡ್ಡ ಅಂತ ಗೊತ್ತಿತ್ತು. ಗೊತ್ತಿದ್ದೂ ಹೀಗಾಯ್ತು. ಅವರಿಗೆ ಯಾರು ಹೇಳ್ತಾರೆ?”

ಬರೆದಳು. ‘೧೧.೧೦. ಪರೀಕ್ಷೆಯ ನಂತರ ನೀರಿನ ಕಾಕನ್ನು ಮುಚ್ಚಿ ಬಿಟ್ಟವಳು ನಾನು. ಈ ಬಾಯ್ಲರಿನಲ್ಲಿ ಆ ಹಿಡಿ ಕೆಳಗಿದ್ದರೆ ಮುಚ್ಚಿರುತ್ತದೆ. ಇದು ಉಲ್ಟಾ. ೧೧.೫೦. ಬೆಂಕಿ ನಿಲ್ಲಿಸಿದೆ. ನೀರು ಬಿಟ್ಟಿಲ್ಲ.’ ಮೇಸ್ತ್ರಿ ಓದಿದರು. ಸಹಿ ಹಾಕಲಿಲ್ಲ. ಕನ್ನಡಕ ಜೇಬಿಗಿಟ್ಟುಕೊಂಡು ಹೊರಗೆ ಹೋದರು.

ಆ ಸಂಜೆ ಎಲ್ಲವನ್ನೂ ಅತ್ತೆಗೆ ಹೇಳಿದಳು. ಬೈಗುಳಕ್ಕೆ ತಲೆಬಾಗಿಸಿ ಕಾದಳು. ಬೈಗುಳ ಬರಲಿಲ್ಲ. ಆ ಮನೆಯಲ್ಲಿ ಹಾಗಾದದ್ದು ಅದೇ ಮೊದಲು. ಅತ್ತೆ ಎದ್ದು ಗೋಡೆಯ ಮೂರು ಸೌಟುಗಳಲ್ಲಿ ಒಂದನ್ನು ತೆಗೆದು ಅಡುಗೆಗೆ ಇಟ್ಟುಕೊಂಡರು.

“ಅಲ್ಲಿ ನೆಲದ ಮೇಲೆ ಚೆಲ್ಲಿದ್ದನ್ನೆಲ್ಲ ಆರಿಸ್ಕೊಂಡು ಬಂದ್ಯಾ, ಬಿಟ್ಟು ಬಂದ್ಯಾ?”

“ತಂದಿದೀನಿ.”

“ಒಂಬತ್ತನೇ ಚೀಟೀನ ಸಣ್ಣ ಡಬ್ಬಿಗೆ ಹಾಕು,” ಎಂದರು. “ಇನ್ನು ಕೇಳೋದು ಬೇಡ ಅದನ್ನ.”

ಮರುದಿನ ಬಾಯ್ಲರ್ ಇನ್‌ಸ್ಪೆಕ್ಟರ್ ಬಂದರು. ಟಾರ್ಚು ಹಿಡಿದು ಬಾಯ್ಲರಿನ ಹೊಟ್ಟೆಯೊಳಗೆ ತೆವಳಿ, ಮುಕ್ಕಾಲು ಗಂಟೆ ಬಿಟ್ಟು ಮೈಯೆಲ್ಲ ಮಸಿಯಾಗಿ ಹೊರಬಂದು, “ಕೊಳವೆಗಳು ಬದುಕಿವೆ” ಎಂದರು. ಲಾಗ್ ಪುಸ್ತಕ ಓದಿದರು. “ಇದನ್ನ ಬರೆದೋರು ಯಾರು?” ಎಂದು ಕೇಳಿ, ಅವಳ ಮುಖವನ್ನೊಮ್ಮೆ ನೋಡಿ, “ಆ ಹಿಡಿ ಇವತ್ತೇ ಸರಿ ಆಗ್ಬೇಕು. ಇನ್ನೊಂದು ಗಾಜೂ ಬರ್ಬೇಕು,” ಎಂದು ಹೊರಟುಹೋದರು. ಹಿಡಿಯನ್ನು ಬಿಚ್ಚಿ ತಿರುಗಿಸಿ ಕೂರಿಸಿದವರು ಮೇಸ್ತ್ರಿಯೇ. ಆ ಕೆಲಸ ಮಾಡುವಾಗಲೂ, ಆಮೇಲಿನ ಎರಡು ದಿನವೂ, ಅವಳೊಡನೆ ಒಂದು ಮಾತೂ ಆಡಲಿಲ್ಲ.

ಪರೀಕ್ಷೆಯ ದಿನ, ಬೆಳಿಗ್ಗೆ ಬರೆದದ್ದಾದ ಮೇಲೆ, ಅದೇ ಅಪರಿಚಿತ ಕಾರ್ಖಾನೆಯ ಬಾಯ್ಲರ್ ಕೋಣೆ. ಎದುರಿಗೆ ಮೂರು ಕುರ್ಚಿ. ನಡುವಿನ ಕುರ್ಚಿಯಲ್ಲಿ ಕೂತವರನ್ನು ಕಂಡು ಅವಳು ಹೊಸಿಲಲ್ಲೇ ನಿಂತಳು. ಮಸಿಯಿಲ್ಲದೆ ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತಷ್ಟೇ. ಅದೇ ಇನ್‌ಸ್ಪೆಕ್ಟರ್.

ಅವರು ಗುರುತು ತೋರಿಸಲಿಲ್ಲ. ಪ್ರಶ್ನೆಗಳು ಅಲ್ಲಿಂದ ಇಲ್ಲಿಂದ, ಡಬ್ಬಿಗೆ ಕೈಹಾಕಿ ತೆಗೆದ ಹಾಗೆ ಬಂದವು. ಯಾಕೆ ಎಂದರು. ಮತ್ತೆ ಯಾಕೆ ಎಂದರು. ಅವಳು ಒಮ್ಮೆಯೂ ಸೂರು ನೋಡಲಿಲ್ಲ. ಕೊನೆಗೆ, “ಗಾಜು ಪರೀಕ್ಷೆ ಮಾಡಿ,” ಎಂದರು.

ಹಿಡಿಯ ಮೇಲೆ ಕೈಯಿಟ್ಟಳು. ಹದಿನಾರು ವರ್ಷ ಒಂದು ಕಡೆಯಿಂದ ಆ ಕೈಯನ್ನು ಜಗ್ಗಿತು. ಅವಳು ಕಾಯದೆ, ತಡೆಯದೆ, ಸೌಟನ್ನು ತಿರುಗಿಸಿದ ಹಾಗೆ ತಿರುಗಿಸಿದಳು. ಸ್ಸ್ಸ್. ಭಳಭಳ. ಮೌನ. ಗುಳುಕ್. ಎರಡು ಹೆಜ್ಜೆ ಹಿಂದೆ ಸರಿದಳು.

“ಮೂರೂ ಕೆಳಗಿವೆ,” ಎಂದರು ಇನ್‌ಸ್ಪೆಕ್ಟರ್. “ಅಂದ್ರೆ ಎಲ್ಲ ಸರಿಯಾಗಿದೆ ಅಂತ ಬರ್ಕೊಳ್ಳಾ?”

“ಇರಿ ಸರ್.”

“ಯಾಕೆ? ಇನ್ನೇನಿದೆ?”

“ಹಿಡಿ ನೋಡಿ ಹೇಳಲ್ಲ ಸರ್. ನೀರು ನೋಡಿ ಹೇಳ್ತೀನಿ.”

ಅವಳು ಗಾಜಿನ ಮೇಲೆ ಕಣ್ಣಿಟ್ಟು ನಿಂತಳು. ನೀರಿನ ಅಂಚು ಒಂದು ಕೂದಲಷ್ಟು ಮೇಲೆ ಹೋಯಿತು, ಒಂದು ಕೂದಲಷ್ಟು ಕೆಳಗೆ ಬಂತು. ಮಲಗಿದ ಮಗುವಿನ ಹೊಟ್ಟೆಯ ಹಾಗೆ.

“ಈಗ ಬರ್ಕೊಳ್ಳಿ,” ಎಂದಳು.

ತಿಂಗಳ ಕೊನೆಯ ದಿನ, ನಾಲ್ಕಕ್ಕೆ ಹತ್ತು ನಿಮಿಷವಿರುವಾಗ, ಮೇಸ್ತ್ರಿ ಕೋಣೆಗೆ ಬಂದರು. ಇಸ್ತ್ರಿಯ ಅಂಗಿ ಹಾಕಿದ್ದರು. ಅದರಲ್ಲಿ ಅವರು ಬೇರೆ ಯಾರೋ ಅನಿಸುತ್ತಿತ್ತು. ಕಚೇರಿಯ ಬೋರ್ಡಿಗೆ ಆ ಮಧ್ಯಾಹ್ನ ಫಲಿತಾಂಶ ಹಚ್ಚುತ್ತಾರೆಂದು ಅವಳಿಗೆ ಗೊತ್ತಿತ್ತು. ಹೋಗಿ ನೋಡಲು ಕಾಲು ಬಂದಿರಲಿಲ್ಲ. ಬೇಡದ ಪೈಪನ್ನು ಬೇಡದಷ್ಟು ಹೊತ್ತಿನಿಂದ ಒರೆಸುತ್ತಿದ್ದಳು.

ಮೇಸ್ತ್ರಿ ಲಾಗ್ ಪುಸ್ತಕ ತೆರೆದರು. ಹಾಳೆ ಹಿಂದಕ್ಕೆ ತಿರುವಿ, ಆ ದಿನದ ಪುಟ ಹುಡುಕಿ, ಅವಳ ಬರಹದ ಕೆಳಗೆ ಸಹಿ ಹಾಕಿದರು. ಪುಸ್ತಕ ಮುಚ್ಚಿ ಅದರ ಮೇಲೆ ಕೋಣೆಯ ಬೀಗದ ಕೈ ಇಟ್ಟರು.

“ತಗೋ. ಬೋರ್ಡಲ್ಲಿ ನಿನ್ನ ಹೆಸರು ಇದೆ. ಇನ್ನು ನನ್ನ ಜೇಬಿಗೆ ಈ ಭಾರ ಬೇಡ.”

ಅವಳು ಒರೆಸುವ ಬಟ್ಟೆಯನ್ನು ಎರಡು ಕೈಯಲ್ಲೂ ಹಿಡಿದು ನಿಂತಿದ್ದಳು. ಮೇಸ್ತ್ರಿಗೂ ಮುಖ ನೋಡಲಾಗಲಿಲ್ಲವೇನೋ, ಸ್ಟೂಲೆಳೆದುಕೊಂಡು ಗಾಜಿಗೆ ಎದುರಾಗಿ ಕೂತರು. ಪಕ್ಕದಲ್ಲಿ ಹೊಸ ಗಾಜು ಹೊಳೆಯುತ್ತಿತ್ತು.

“ಆ ಹಿಡೀನ ಯಾಕೆ ಹಾಗೆ ಹಾಕ್ದೆ ಅಂತ ನೀನು ಕೇಳ್ಲೇ ಇಲ್ಲ.”

“ಕೇಳಿದ್ದೆ.”

“ಆಯ್ತು, ನಾನು ಹೇಳ್ಲಿಲ್ಲ. ಈಗ ಕೇಳು. ಆಗ ಇಲ್ಲೊಂದು ಪೈಪು ಹಾದುಹೋಗಿತ್ತು. ಹಿಡಿ ಕೆಳಗೆ ಬಿಟ್ರೆ ಅದಕ್ಕೆ ತಾಗ್ತಿತ್ತು. ಪೈಪು ತೆಗೀತೀವಿ, ಎರಡು ದಿನ ಇರಲಿ ಅಂದ್ರು. ಎರಡು ದಿನಕ್ಕೆ ತಾನೇ ಅಂತ ಅಡ್ಡ ಹಾಕ್ದೆ. ಪೈಪು ತೆಗೆದ್ರು ಕಣಮ್ಮ, ಹೇಳಿದ ದಿನಾನೇ ತೆಗೆದ್ರು. ನಾನು ಮಾತ್ರ…”

ಗೋಡೆಯಾಚೆ ನಾಲ್ಕರ ಗಂಟೆ ಬಾರಿಸಿತು. ಅವಳು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಮೇಸ್ತ್ರಿ, ನಾಲ್ಕಾಯ್ತು. ಗಾಜು ಪರೀಕ್ಷೆ ಹೊತ್ತು.”

“ಇರು, ಮುಗಿಸಿಬಿಡ್ತೀನಿ. ಆಮೇಲೆ ಏನಾಯ್ತು ಅಂದ್ರೆ, ಒಂದು ದಿನ ನಾನೇ…”

ಅವರ ಮಾತು ಇನ್ನೂ ನಡೆಯುತ್ತಿತ್ತು. ಅವಳು ಆಗಲೇ ಅವರನ್ನು ದಾಟಿ, ಗಾಜಿನ ಕಡೆ ನಡೆದುಹೋಗಿದ್ದಳು.